ಕೋಚ್ ಗ್ಲೆನ್ ಬಾಯಿಬಿಡದ ಕಾರಣ

ನಾನು ಸುಳ್ಳು ಹೇಳಿದೆ. ಕೋಚ್ ಗ್ಲೆನ್ ನನ್ನ ಮಗ ಖಾಲಿದ್‌ನ ಹೆಸರು, ಧರ್ಮ ನೋಡಿ ಅವನನ್ನು ಆಟದಿಂದ ಹೊರಗೆ ಕೂರಿಸಿದರು ಎಂದು ಲಾಸ್ ಏಂಜಲೀಸ್‌ನ ಕನ್ನಡದವರ ಮನೆಗಳಲ್ಲಿ ಇವತ್ತಿಗೂ ಒಂದು ಮಾತು ಓಡಾಡುತ್ತದಲ್ಲ — ಅದು ನನ್ನ ಬಾಯಿಂದ ಹೊರಟದ್ದು. ಮೊದಮೊದಲು ನಂಬಿಯೇ ಹೇಳಿದೆ, ನಿಜ. ಆದರೆ ಕೊನೆಯ ಸಲ, ಅವರ ಕೆಲಸದ ಬಗ್ಗೆ ತೀರ್ಮಾನ ಮಾಡುವವರ ಮುಂದೆ ಕೂತು ಹೇಳಿದಾಗ, ಅದು ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಸುಳ್ಳು ಹೆಚ್ಚು ಹಬ್ಬಿದ್ದು ಕನ್ನಡದಲ್ಲಿ. ಅದಕ್ಕೇ ಇದನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಾನು ನಸೀಮಾ. ಮೈಸೂರಿನವಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ, ಬೀದಿಯಲ್ಲಿ, ಜಗಳದಲ್ಲಿ ಕನ್ನಡ. ಮಗನ ಮೇಲೆ ಕೋಪ ಬಂದರೂ ಕನ್ನಡವೇ ಬರುತ್ತದೆ. ನಮ್ಮವರು, ಇರ್ಫಾನ್, ಟೆಲಿಕಾಂ ಎಂಜಿನಿಯರ್. ೨೦೦೧ರಲ್ಲಿ ಲಾಸ್ ಏಂಜಲೀಸ್‌ನ ಪೋರ್ಟರ್ ರ್ಯಾಂಚ್‌ನಲ್ಲಿ ಮನೆ ತೆಗೆದುಕೊಂಡೆವು. ಹನ್ನೊಂದು ವರ್ಷದ ಖಾಲಿದ್ ಆ ಬೇಸಿಗೆಯಲ್ಲೇ ಐಸ್ ಹಾಕಿ ಆಡುತ್ತೇನೆಂದು ಹಟ ಹಿಡಿದ. ಹೊರಗೆ ತಲೆ ಸುಡುವ ಬಿಸಿಲು, ಇವನಿಗೆ ಮಂಜುಗಡ್ಡೆಯ ಮೇಲೆ ಕೋಲು ಹಿಡಿದು ಜಾರುವ ಆಟ ಬೇಕಂತೆ! ‘ಕ್ರಿಕೆಟ್ ಆಡೋ ನನ್ ರಾಜ’ ಎಂದು ಗೋಗರೆದೆ. ಕೇಳಲಿಲ್ಲ. ಸರಿ, ಬಿಸಿಲಿನಲ್ಲಿ ಶಾಲು, ಸ್ವೆಟರ್ ಹೊತ್ತುಕೊಂಡು ಮಂಜುಗಡ್ಡೆ ಹಾಸಿದ ರಿಂಕಿಗೆ ಹೋಗುವ ನನ್ನ ಹಣೆಬರಹ ಶುರುವಾಯಿತು.

ಆ ಸೆಪ್ಟೆಂಬರಿನಲ್ಲಿ ಅವಳಿ ಗೋಪುರಗಳು ಉರುಳಿದ ಮೇಲೆ ನನಗೆ ಭಯ ಹತ್ತಿತು. ಯಾರೂ ಏನೂ ಅನ್ನಲಿಲ್ಲ — ಆದರೂ ಭಯ. ಕ್ಲಬ್ಬಿನ ತಂಡಕ್ಕೆ ಸೇರಿಸುವಾಗ ಮಗನ ಹೆಸರು ‘ಕ್ಯಾಲ್’ ಎಂದು ಹೇಳಿಬಿಟ್ಟೆ. ಎಲ್ಲರೂ ಹಾಗೇ ಕರೆದರು, ಒಬ್ಬರನ್ನು ಬಿಟ್ಟು. ಕೋಚ್ ಗ್ಲೆನ್ ಮೊದಲ ವಾರವೇ ಅವನ ಸ್ಕೇಟಿನ ದಾರ ಬಿಗಿಯುತ್ತಾ, ‘ನಿನ್ನ ಅಜ್ಜಿ ನಿನ್ನನ್ನು ಏನೆಂದು ಕರೆಯುತ್ತಾರೆ?’ ಎಂದು ಕೇಳಿದರಂತೆ. ಇವನು ಹೇಳಿದ. ಆ ‘ಖ’ ಗಂಟಲಿನಿಂದ ಬರುವವರೆಗೂ ಬಿಡದೆ ಅಭ್ಯಾಸ ಮಾಡಿದರಂತೆ ಆ ಮನುಷ್ಯ. ಇಂಥವರ ಮೇಲೆಯೇ ಹೆಸರಿನ ಅಪವಾದ ಹೊರಿಸಿದವಳು ನಾನು.

ಅವರ ಬಗ್ಗೆ ಹೇಳಬೇಕು. ಕೆನಡಾದ ಬಯಲುಸೀಮೆಯ ಯಾವುದೋ ಗೋಧಿ ಊರಿನವರು. ಆಟಗಾರನಾಗಿ ಬಹಳ ವರ್ಷ ಸ್ಯಾನ್ ಡಿಯಾಗೋದ ಎರಡನೇ ದರ್ಜೆಯ ತಂಡದಲ್ಲಿ ಇದ್ದರು. ದೊಡ್ಡ ಲೀಗಿನಿಂದ ಒಂದೇ ಒಂದು ಸಲ ಕರೆ ಬಂದಿತ್ತಂತೆ. ಹೋದರು, ಇಡೀ ಪಂದ್ಯ ಬೆಂಚಿನ ಮೇಲೆ ಕೂರಿಸಿ ವಾಪಸ್ ಕಳಿಸಿದರು. ಆಮೇಲೆ ಮಂಡಿ ಹೋಯಿತು. ಈ ಕಥೆಯನ್ನು ಮಕ್ಕಳಿಗೆ ನಗುನಗುತ್ತಾ ಹೇಳುತ್ತಿದ್ದರು. ಒಂದು ದಿನವೂ ಮಕ್ಕಳ ಮೇಲೆ ಕೂಗಾಡಿದ್ದನ್ನು ನಾನು ಕಾಣೆ. ಸೋತ ದಿನ ಕೂಡ ಬಾಗಿಲಲ್ಲಿ ನಿಂತು ಒಬ್ಬೊಬ್ಬನ ಹೆಲ್ಮೆಟ್ ಮೇಲೂ ಮೆಲ್ಲಗೆ ತಟ್ಟಿ ಕಳಿಸುತ್ತಿದ್ದರು. ಬಿದ್ದವನನ್ನು ಎದುರಾಳಿ ತಂಡದವನಾದರೂ ಎಬ್ಬಿಸದೆ ಮುಂದೆ ಹೋಗಬಾರದು ಎನ್ನುವುದು ಅವರ ಅಭ್ಯಾಸದ ಮೊದಲ ನಿಯಮ. ಆ ನೋಯುವ ಮಂಡಿ ಊರಿಯೇ ಸಣ್ಣ ಮಕ್ಕಳ ದಾರ ಕಟ್ಟುತ್ತಿದ್ದರು. ನಮ್ಮ ಮಕ್ಕಳನ್ನು ಎರಡೇ ವರ್ಷದಲ್ಲಿ ಗೆಲ್ಲುವ ತಂಡ ಮಾಡಿದರು. ಕ್ಲಬ್ಬಿನ ಹಿರಿಯ ಹುಡುಗರ ತಂಡ ಮುಂದಿನ ವರ್ಷ ಅವರಿಗೇ ಎಂದು ಎಲ್ಲರ ಬಾಯಲ್ಲೂ ಇತ್ತು. ಅವರಿಗೆ ಬೇಕಾಗಿದ್ದದ್ದು ಅದೊಂದೇ.

೨೦೦೩ರ ರಂಜಾನ್, ಉಪವಾಸದ ತಿಂಗಳು. ಖಾಲಿದ್‌ಗೆ ಹದಿಮೂರು. ಶಾಲೆಯ ದಿನ ರೋಜಾ ಇಡಲಿ, ಪಂದ್ಯದ ದಿನ ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ‘ಅಲ್ಲಿ ಗುದ್ದಾಡೋ ಆಟ, ತಲೆ ತಿರುಗಿ ಬೀಳ್ತೀಯ. ಮತ್ತೆ ಅಲ್ಲಿ ರೋಜಾ ಗೀಜಾ ಅಂತ ಬಾಯಿ ಬಿಡ್ಬೇಡ.’ ಮೊದಲನೆಯದು ತಾಯಿಯ ಮಾತು. ಎರಡನೆಯದು ಹೇಡಿಯ ಮಾತು. ಪಂದ್ಯದ ದಿನ ಚಪಾತಿಯಲ್ಲಿ ಮೊಟ್ಟೆ ಸುತ್ತಿ ಕೈಗೆ ಕೊಡುತ್ತಿದ್ದೆ, ಕಾರಿನಲ್ಲಿ ತಿಂದುಕೋ ಎಂದು. ನಾನು ಮಾತ್ರ ರೋಜಾ ಇರುತ್ತಿದ್ದೆ. ಬೇರೆ ತಾಯಂದಿರು ಕಾಫಿ ಕೊಟ್ಟರೆ ಹೊಟ್ಟೆ ಸರಿ ಇಲ್ಲ ಎನ್ನುತ್ತಿದ್ದೆ.

ಆ ತಿಂಗಳೇ ಕೋಚ್ ಅವನನ್ನು ಕೂರಿಸಲು ಶುರು ಮಾಡಿದರು. ಮಧ್ಯಾಹ್ನದ ಪಂದ್ಯಗಳಲ್ಲಿ ಪೂರ್ತಿ ಬೆಂಚು. ಕತ್ತಲಾದ ಮೇಲಿನ ಪಂದ್ಯದಲ್ಲಿ ಮಾತ್ರ ಆಟ. ಸ್ವಲ್ಪ ತಲೆ ಓಡಿಸಿದ್ದರೆ — ಆದರೆ ಸಿಟ್ಟು ಬಂದರೆ ನನಗೆ ತಲೆ ಎಲ್ಲಿ ಓಡುತ್ತದೆ? ಯಾಕೆ ಎಂದು ಹೋಗಿ ಕೇಳಿದೆ. ‘ಖಾಲಿದ್‌ನನ್ನೇ ಕೇಳಿ, ಅವನು ಹೇಳಿದರೆ ಒಳ್ಳೆಯದು’ ಎಂದರು. ಮಗನನ್ನು ಕೇಳಿದರೆ ಭುಜ ಹಾರಿಸಿದ. ಅಲ್ಲಿಗೆ, ಇದು ನಮ್ಮ ಹೆಸರು, ಧರ್ಮದ ಕಾರಣಕ್ಕೇ ಎಂದು ನಾನು ನಿರ್ಧಾರ ಮಾಡಿಬಿಟ್ಟೆ.

ಸ್ಯಾನ್ ಡಿಯಾಗೋದಲ್ಲಿ ಒಂದು ಪಂದ್ಯ. ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ ನಾನು ಯಾರಿಗೂ ಹೇಳದೆ ಎದ್ದು ಪಾರ್ಕಿಂಗ್‌ನಲ್ಲಿದ್ದ ನಮ್ಮ ಕಾರಿಗೆ ಹೋದೆ. ಗಾಜು ಏರಿಸಿ, ರೋಜಾ ಬಿಡಲು ಖರ್ಜೂರ ಬಾಯಿಗೆ ಹಾಕಿಕೊಂಡೆ. ಆಗ ರಿಂಕಿನ ಹಿಂಬಾಗಿಲು ತೆರೆಯಿತು. ಕೋಚ್ ಖಾಲಿದ್‌ನ ಭುಜದ ಮೇಲೆ ಕೈ ಹಾಕಿ ಹೊರಗೆ ಕರೆತಂದರು. ಹುಡುಗ ನನಗೆ ಬೆನ್ನು ಮಾಡಿ ತಲೆ ತಗ್ಗಿಸಿ ನಿಂತಿದ್ದ. ಇವರು ಪಕ್ಕದಲ್ಲಿ ನಿಂತು ಏನೋ ಹೇಳುತ್ತಿದ್ದರು. ಯಾರೂ ಕಾಣದ ಕಡೆ ಎಳೆದುಕೊಂಡು ಬಂದು ನನ್ನ ಮಗನಿಗೆ ಬೈಯುತ್ತಿದ್ದಾನೆ! ಖರ್ಜೂರದ ಡಬ್ಬಿ ಮುಚ್ಚಿ ಒಳಗೆ ಹೋದೆ. ಕೊನೆಯ ಪೀರಿಯಡ್‌ಗೆ ಅವನನ್ನು ಆಟಕ್ಕೆ ಇಳಿಸಿದರು, ಅದು ಇನ್ನೂ ಉರಿಸಿತು — ಭಿಕ್ಷೆ ಹಾಕುತ್ತಿದ್ದಾನೆ ಎನಿಸಿತು.

ಆ ವಾರಾಂತ್ಯ ಪಸಡೀನಾದಲ್ಲಿ ಗೆಳತಿ ಶೈಲಾ ಮನೆಯಲ್ಲಿ ಕನ್ನಡದವರ ಊಟ. ಎಲ್ಲರೆದುರು ಹೇಳಿದೆ, ಕಣ್ಣೀರು ಹಾಕಿಕೊಂಡು. ಶೈಲಾ ಒಳ್ಳೆಯವಳು, ಅನ್ಯಾಯ ಕಂಡರೆ ಸುಮ್ಮನಿರುವವಳಲ್ಲ.

‘ಅಯ್ಯೋ ನಸೀಮಾ, ಇಷ್ಟಾದ್ರೂ ಸುಮ್ನೆ ಇದೀರಲ್ರೀ! ನಮ್ ಮಕ್ಳು ಅಂದ್ರೆ ಬಿಟ್ಟಿ ಬಿದ್ದಿದ್ದಾರಾ? ಕಂಪ್ಲೇಂಟ್ ಮಾಡ್ರೀ. ನಾನೂ ಬರ್ತೀನಿ ನಿಮ್ ಜೊತೆ.’

ದೂರು ಕೊಟ್ಟೆ. ಕ್ಲಬ್ಬಿನವರು ಮೀಟಿಂಗ್ ಕರೆದರು.

ಮೀಟಿಂಗಿನ ಹಿಂದಿನ ದಿನ ಗ್ಯಾರೇಜಿನಲ್ಲಿ ಖಾಲಿದ್‌ನ ಹಾಕಿ ಬ್ಯಾಗು ಬಿಚ್ಚಿದೆ. ಅದರ ನಾತ ಯಾವಾಗಲೂ ಇದ್ದದ್ದೇ, ಆದರೆ ಅವತ್ತಿನದು ಬೇರೆ. ತಳದಲ್ಲಿ, ಪ್ಯಾಡುಗಳ ಕೆಳಗೆ, ನಾನು ಸುತ್ತಿಕೊಟ್ಟ ಚಪಾತಿಗಳು. ಹಾಳೆ ಕೂಡ ಬಿಚ್ಚಿರಲಿಲ್ಲ. ಬೂಸ್ಟು ಹಿಡಿದಿದ್ದವು.

ಕರೆದು ಕೇಳಿದೆ. ಎಲ್ಲ ಹೇಳಿದ, ಅಳುತ್ತಾ, ಇಂಗ್ಲಿಷಿನಲ್ಲಿ. ಪಂದ್ಯದ ದಿನವೂ ರೋಜಾ ಇಡುತ್ತಿದ್ದ. ಮೊದಲ ಶನಿವಾರವೇ ಅವನ ಕೈ ನಡುಗುವುದನ್ನು ಕೋಚ್ ನೋಡಿ ಕೇಳಿದರು. ಅಮ್ಮನಿಗೆ ಹೇಳಬೇಡಿ ಎಂದು ಇವನು ಬೇಡಿಕೊಂಡ. ‘ನಾನು ಹೇಳುವುದಿಲ್ಲ, ಅದು ನೀನೇ ಹೇಳಬೇಕಾದ ಮಾತು. ಬೇಗ ಹೇಳು. ಆದರೆ ಹೊಟ್ಟೆಯಲ್ಲಿ ನೀರಿಲ್ಲದವನನ್ನು ನಾನು ಐಸ್ ಮೇಲೆ ಬಿಡುವುದಿಲ್ಲ. ನನ್ನ ಪಕ್ಕದಲ್ಲಿ ಕೂತು ಆಟ ನೋಡು’ ಎಂದರು. ಸೂರ್ಯ ಮುಳುಗುವ ಹೊತ್ತನ್ನು ಅವರೇ ತಿಳಿದುಕೊಂಡು ಬರುತ್ತಿದ್ದರು. ಆ ಸಂಜೆ ಹಿಂಬಾಗಿಲಲ್ಲಿ ನಿಂತು ನೀರಿನ ಬಾಟಲಿ ಕೊಟ್ಟು, ನಿಧಾನವಾಗಿ ಕುಡಿ, ಬಾಳೆಹಣ್ಣು ತಿನ್ನು ಎಂದು ಹೇಳುತ್ತಿದ್ದರಂತೆ. ನಾನು ಕಾರಿನೊಳಗೆ ಬಚ್ಚಿಟ್ಟುಕೊಂಡು ರೋಜಾ ಬಿಡುತ್ತಿದ್ದೆ, ನನ್ನ ಮಗ ಹತ್ತು ಹೆಜ್ಜೆ ಆಚೆ ಅವರ ಪಕ್ಕದಲ್ಲಿ ರೋಜಾ ಬಿಡುತ್ತಿದ್ದ.

ಆಗ ಏನು ಮಾಡಬೇಕಿತ್ತು? ಫೋನ್ ಎತ್ತಿ, ತಪ್ಪಾಯಿತು, ಮೀಟಿಂಗ್ ಬೇಡ ಎನ್ನಬೇಕಿತ್ತು. ಎರಡು ನಿಮಿಷದ ಕೆಲಸ. ನಾನು ಮಗನಿಗೆ ಹೇಳಿದ್ದು ಇದು:

‘ಸುಮ್ನಿರು. ನಾಳೆ ಮುಗಿಯೋವರ್ಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡ. ನಾನು ನೋಡ್ಕೋತೀನಿ.’

ಮರುದಿನ ರಿಂಕಿನ ಮೇಲಿನ ಕೋಣೆ. ಕ್ಲಬ್ಬಿನ ಮೂರ್ನಾಲ್ಕು ಜನ, ಕೋಚ್, ನಾನು, ನನ್ನ ಕೈ ಹಿಡಿದು ಶೈಲಾ. ಅಧ್ಯಕ್ಷೆ ಮೃದುವಾಗಿಯೇ ಕೇಳಿದರು: ‘ನಿಮ್ಮ ಮಗ ಯಾರು ಎನ್ನುವ ಕಾರಣಕ್ಕೇ ಇವರು ಅವನನ್ನು ಕೂರಿಸಿದರು ಎಂದು ನೀವು ನಂಬುತ್ತೀರಾ?’

‘ಯೆಸ್’ ಎಂದೆ. ‘ನಾನು ತಾಯಿ. ನನಗೆ ಗೊತ್ತಾಗುತ್ತದೆ.’

ಕೋಚ್ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಏನನ್ನೋ ಕಾಯುತ್ತಿದ್ದಂತೆ ಇತ್ತು. ಆಮೇಲೆ ಅಧ್ಯಕ್ಷೆ ಅವರ ಕಾರಣ ಕೇಳಿದರು. ‘ಕಾರಣ ಇದೆ. ಒಳ್ಳೆಯ ಕಾರಣ. ಅದನ್ನು ಹೇಳುವುದಿಲ್ಲ ಎಂದು ಹುಡುಗನಿಗೆ ಮಾತು ಕೊಟ್ಟಿದ್ದೇನೆ’ ಎಂದರು. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು, ನಾನು ನೆಲಕ್ಕೆ ಇಳಿದುಹೋಗುತ್ತಿದ್ದೆ. ಹೇಳಲಿಲ್ಲ ಆ ಪುಣ್ಯಾತ್ಮ. ಹದಿಮೂರರ ಹುಡುಗನಿಗೆ ಕೊಟ್ಟ ಮಾತು ಉಳಿಸಿಕೊಂಡು, ಜೀವಮಾನದ ಆಸೆಯನ್ನು ಕಳೆದುಕೊಂಡರು.

ಯಾಕೆ ಹಾಗೆ ಮಾಡಿದೆ? ಶೈಲಾ ಪಕ್ಕದಲ್ಲಿದ್ದಳು, ಊರೆಲ್ಲ ಹೇಳಿಕೊಂಡು ಬಂದಿದ್ದೆ, ಮುಖ ಹೋಗುತ್ತದೆ — ಇದೆಲ್ಲ ಇತ್ತು. ಆದರೆ ಇನ್ನೂ ಕೆಳಗೆ ಇನ್ನೊಂದು ಇತ್ತು. ನನ್ನ ಮಗ ನನ್ನಿಂದ ಮುಚ್ಚಿಟ್ಟದ್ದನ್ನು ಆ ಮನುಷ್ಯನಿಗೆ ಹೇಳಿದ್ದ. ನಮ್ಮ ಮನೆಯ ರಂಜಾನನ್ನು ನಾನು ನಾಚಿಕೊಂಡು ಅಡಗಿಸಿಟ್ಟೆ, ಅವರು ಬಾಗಿಲು ತೆರೆದು ಜೊತೆಯಲ್ಲಿ ನಿಂತರು. ಅದನ್ನು ಸಹಿಸಲಾಗಲಿಲ್ಲ ನನಗೆ. ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ.

ಹಿರಿಯರ ತಂಡ ಬೇರೆಯವರಿಗೆ ಹೋಯಿತು. ವಸಂತ ಬರುವ ಹೊತ್ತಿಗೆ ಕೋಚ್ ಗ್ಲೆನ್ ಕೂಡ ಹೋಗಿದ್ದರು, ಸ್ಯಾನ್ ಡಿಯಾಗೋಕ್ಕೆ. ಒಂದು ಕಾಲದಲ್ಲಿ ಜನ ಎದ್ದು ನಿಂತು ಅವರ ಹೆಸರು ಕೂಗುತ್ತಿದ್ದ ಊರಿನಲ್ಲೇ, ಐದಾರು ವರ್ಷದ ಪುಟಾಣಿಗಳಿಗೆ ಐಸ್ ಮೇಲೆ ನಿಲ್ಲುವುದನ್ನು ಕಲಿಸುವ ಕೆಲಸ. ಖಾಲಿದ್ ಆಟ ಬಿಟ್ಟ. ಯಾಕೆಂದು ಇರ್ಫಾನ್ ಕೇಳಿದರು. ಓದು ಜಾಸ್ತಿಯಾಯಿತು ಎಂದ. ಆ ವಿಷಯ ಅವನೂ ನಾನೂ ಮತ್ತೆ ಎತ್ತಲಿಲ್ಲ.

ಈ ವರ್ಷ, ೨೦೦೮ರಲ್ಲಿ, ಅವನು ಓದಲು ಸ್ಯಾನ್ ಡಿಯಾಗೋಕ್ಕೆ ಹೋದ. ಒಂದು ದಿನ ಫೋನಿನಲ್ಲಿ, ಶನಿವಾರಗಳಲ್ಲಿ ಕೋಚ್ ಗ್ಲೆನ್ ಜೊತೆ ಮಕ್ಕಳಿಗೆ ಕಲಿಸುತ್ತಿದ್ದೇನೆ ಎಂದ. ಅದರ ಮುಂದಿನ ಶನಿವಾರ, ಕ್ಷಮೆ ಕೇಳಿಯೇ ಬರುತ್ತೇನೆಂದು ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಸ್ಯಾನ್ ಡಿಯಾಗೋ ಹತ್ತಿರದ ಡೆಲ್ ಮಾರ್ ದಾಟುವವರೆಗೂ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುತ್ತಲೇ ಇದ್ದೆ.

ಅವರ ಕೂದಲು ಬೆಳ್ಳಗಾಗಿತ್ತು. ಮಂಡಿ ಈಗ ಮಡಚುವುದಿಲ್ಲ. ಮಕ್ಕಳನ್ನು ಎತ್ತರದ ಬೆಂಚಿನ ಮೇಲೆ ಕೂರಿಸಿ ದಾರ ಕಟ್ಟುತ್ತಾರೆ. ಒಬ್ಬ ಪುಟ್ಟ ಹುಡುಗಿ ದಬಕ್ಕೆಂದು ಬಿದ್ದಾಗ ಅವರು ಮಾತನ್ನು ಅರ್ಧಕ್ಕೆ ಬಿಟ್ಟು, ಅವಳು ಎದ್ದು ನಿಂತ ಮೇಲೆ ಜೋರಾಗಿ ಚಪ್ಪಾಳೆ ತಟ್ಟಿದರು. ಅದೇ ಮನುಷ್ಯ, ಸ್ವಲ್ಪವೂ ಕಹಿಯಾಗಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು:

‘ಆ ದಿನದ ಬಗ್ಗೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ನೀವು ಅಲ್ಲಿಯೇ ಹೇಳಿಬಿಡುತ್ತಿದ್ದಿರಿ.’

ನಾನು ಏನು ಹೇಳಿದೆ ಗೊತ್ತೇ? ‘ಥ್ಯಾಂಕ್ ಯೂ’ ಎಂದೆ.

ಖಾಲಿದ್ ಅಲ್ಲೇ ಇದ್ದ. ತಲೆ ಎತ್ತಲಿಲ್ಲ. ಕಾರಿನವರೆಗೆ ನನ್ನ ಜೊತೆ ಬಂದು, ಬಾಗಿಲು ಹಿಡಿದುಕೊಂಡು ನಿಂತ. ಇಂಗ್ಲಿಷಿನಲ್ಲಿ ಅವನು ಹೇಳಿದ್ದರ ಅರ್ಥ ಇಷ್ಟು: ‘ನಿನಗೆ ಗೊತ್ತಿರಲಿಲ್ಲ ಎಂದು ನಾನೇ ಅವರಿಗೆ ಹೇಳಿದ್ದು, ಮಮ್ಮಿ. ನಿನಗೆ ಗೊತ್ತಿತ್ತಾ ಎಂದು ಅವರು ಕೇಳಿದರು. ನಿನ್ನನ್ನು ಬಿಟ್ಟುಕೊಡಲು ಆಗಲಿಲ್ಲ.’

ತನಗಾಗಿ ಎಲ್ಲವನ್ನೂ ಕಳೆದುಕೊಂಡವರಿಗೆ ನನ್ನ ಮಗ ಸುಳ್ಳು ಹೇಳಿದ್ದಾನೆ, ನನ್ನ ಮಾನ ಉಳಿಸಲು. ಸುಳ್ಳನ್ನು ಅವನಿಗೆ ಕಲಿಸಿದವಳು ನಾನು. ಇದನ್ನು ತಿಳಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಇರ್ಫಾನ್‌ಗೆ ಹೇಳಿದೆ. ಶೈಲಾಗೆ ಫೋನ್ ಮಾಡಿ ಹೇಳಿದೆ. ‘ಅಲ್ರೀ ನಸೀಮಾ... ನಾನು ಎಷ್ಟ್ ಜನಕ್ಕೆ ಹೇಳಿದೀನಿ! ಹೊಸಬ್ರು ಯಾರೇ ಬಂದ್ರೂ ಹೇಳಿದೀನಲ್ರೀ!’ ಎಂದಳು, ಆಮೇಲೆ ಫೋನ್ ಇಟ್ಟಳು. ಅವಳಿಂದ ಈ ಮಾತು ಕೇಳಿದವರು ಇದನ್ನು ಓದುತ್ತಿದ್ದರೆ, ತಿಳಿಯಿರಿ: ಶೈಲಾದು ತಪ್ಪಿಲ್ಲ. ಆ ಕೋಚ್‌ದು ಮೊದಲೇ ಇಲ್ಲ. ನಿಮ್ಮ ಮಕ್ಕಳಿಗೆ ಅಂಥ ಗುರು ಸಿಕ್ಕರೆ ಕಣ್ಣು ಮುಚ್ಚಿಕೊಂಡು ಕಳಿಸಿ.

ಶನಿವಾರ ಮತ್ತೆ ಹೋಗುತ್ತಿದ್ದೇನೆ. ಜೊತೆಗೆ ಬರುತ್ತೇನೆ ಎಂದ ಖಾಲಿದ್, ಬೇಡ ಎಂದೆ. ನಿಮಗೆ ಗೊತ್ತಿರಲಿಲ್ಲ ಎಂದು ನಿಮ್ಮ ಮಗ ನನಗೆ ಯಾಕೆ ಹೇಳಿದ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಅವನು ಅಲ್ಲಿದ್ದರೆ ಮತ್ತೆ ನನ್ನ ಪರ ಮಾತಾಡಿಬಿಡುತ್ತಾನೆ.