ಸಿರುಗುಪ್ಪದ ಪಂದ್ಯ ಮತ್ತು ಬಲಗಡೆಯ ಎತ್ತು

ಆ ಎತ್ತಿಗೆ ನಾನು ಕೊಟ್ಟದ್ದು ಒಂದು ವರ್ಷದ ಶೇಂಗಾ ಮಾರಿದ ದುಡ್ಡು ಮತ್ತು ನಮ್ಮ ಗಾಡಿಗೆ ನೆರಳಿಗೆಂದು ಕಟ್ಟಿದ್ದ ಹೊಸ ಕಮಾನು, ಮೇಲೆ ಹೊದಿಸಿದ ಚಾಪೆ ಸಮೇತ. ದುಡ್ಡು ಎತ್ತಿಗೆ ಹೋಯಿತು. ಕಮಾನು ಹೋದದ್ದು ನನ್ನ ಮುಖ ಸುಮ್ಮನಿರದ್ದಕ್ಕೆ.

ಆಗಿನ್ನೂ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಬಳ್ಳಾರಿಯ ಹೊರಗೆ ನಮ್ಮದೊಂದು ಎರೆಹೊಲ. ನೊಗದ ಬಲಕ್ಕೆ ಕಟ್ಟುತ್ತಿದ್ದ ಎತ್ತು ಬೇಸಿಗೆಯಲ್ಲಿ ಸತ್ತಿತ್ತು. ಉಳಿದದ್ದು ಎಡಕ್ಕೆ ಪಳಗಿದ್ದು. ಬಲಕ್ಕೆ ಕಟ್ಟಿದರೆ ನಿಂತಲ್ಲೇ ಸುತ್ತುತ್ತಿತ್ತು. ಮಳೆಗೆ ಮುಂಚೆ ಬಲಗಡೆಗೊಂದು ಎತ್ತು ಸಿಗದಿದ್ದರೆ ಹೊಲವನ್ನು ಪಾಲಿಗೆ ಕೊಟ್ಟು ನಾನು ಮಂಡಿಯಲ್ಲಿ ಮೂಟೆ ಹೊರಬೇಕಿತ್ತು.

ಸಿರುಗುಪ್ಪದಲ್ಲಿ ಎತ್ತುಗಳ ಕಲ್ಲೆಳೆಯುವ ಪಂದ್ಯವಿದೆ, ಮುಗಿದ ಮೇಲೆ ವ್ಯಾಪಾರವೂ ನಡೆಯುತ್ತದೆ ಎಂದು ಕೇಳಿ, ಪಕ್ಕದ ಹೊಲದವರ ಎತ್ತನ್ನು ಎರವಲು ತಂದು ಗಾಡಿ ಕಟ್ಟಿದೆ. ನಾನೊಬ್ಬನೇ ಹೋದರೆ ಮೋಸ ಹೋಗುತ್ತೇನೆಂದು ಅವ್ವ ಹತ್ತಿದಳು. ನಾವಿಬ್ಬರೇ ಹೋದರೆ ಜಗಳವಾಡಿಕೊಂಡು ಬರಿಗೈಲಿ ಬರುತ್ತೇವೆಂದು ಹೆಂಡತಿಯೂ ಹತ್ತಿದಳು.

ಕುರುಗೋಡಿನಲ್ಲಿ ಎತ್ತುಗಳಿಗೆ ನೀರು ಕುಡಿಸುವಾಗ ಗುರುತಿಲ್ಲದವನೊಬ್ಬ ಎಲ್ಲಿಗೆ ಹೊರಟಿರಿ ಎಂದು ಕೇಳಿದ. "ಬೀಗರ ಮನಿಗಿ" ಎಂದು ಅವ್ವ ಸುಳ್ಳು ಹೇಳಿದಳು. ಸರಿಯಾಗಿಯೇ ಹೇಳಿದಳು. ಎತ್ತು ಕೊಳ್ಳಲು ಹೊರಟವನ ಸುದ್ದಿ ಅವನಿಗಿಂತ ಮೊದಲು ಊರು ಮುಟ್ಟಿದರೆ ಬೆಲೆ ಏರುತ್ತದೆ. ಅಲ್ಲಿಂದ ಮುಂದೆ ನೆರಳಿಲ್ಲ. ಬಿರುಕು ಬಿಟ್ಟ ಎರೆ, ಜಾಲಿ, ಬಿಸಿಗಾಳಿ. ಸುದ್ದಿ ನಮ್ಮನ್ನು ದಾಟಿ ಹೋದೀತೆಂದು ಹಿಂದೆ ಬರುವ ಪ್ರತಿ ಗಾಡಿಯನ್ನೂ ತಿರುಗಿ ತಿರುಗಿ ನೋಡುತ್ತ ಹೋದೆ.

ಪಂದ್ಯದಲ್ಲಿ ಗೆದ್ದದ್ದು ಆದೋನಿ ಕಡೆಯವನೊಬ್ಬನ ಜೋಡಿ. ಎಡಗಡೆಯದು ಹಾಲಿನಂಥ ಬಿಳಿ, ಕೊಂಬಿಗೆ ಕೆಂಪು ಬಣ್ಣ. ಬಲಗಡೆಯದು ಬೂದಿ ಬಣ್ಣದ್ದು, ಯಾರೂ ಕಣ್ಣೆತ್ತಿ ನೋಡುವಂಥದ್ದಲ್ಲ. ಮಾಲೀಕ ಬಿಳಿಯದನ್ನು ಮಾರುತ್ತೇನೆಂದ. ಗೆದ್ದ ಎತ್ತನ್ನು ಗೆದ್ದ ದಿನವೇ ಯಾರಾದರೂ ಮಾರುತ್ತಾರೆಯೇ? ನಾನು ಹಲ್ಲು ನೋಡಿದೆ, ಗೊರಸು ನೋಡಿದೆ, ಬಾಯಿ ಮೂಸಿದೆ.

"ಏನ್ ಮೂಸ್ತಿ ಮಾರಾಯ? ಅದೇನು ನಿನ್ನಂಗ ಬೀಡಿ ಸೇದತೈತೇನು?" ಎಂದ ಮಾಲೀಕ.

"ಅದು ಸೇದಂಗಿಲ್ಲ ಬಿಡಪ್ಪ. ಪಂದ್ಯಕ್ಕ ಮೊದ್ಲು ನೀ ಏನು ಕುಡಿಸೀದಿ ಅಂತ ನೋಡಾಕತ್ಯಾನ" ಎಂದಳು ಅವ್ವ.

"ಮಜ್ಜಿಗಿ ಕುಡಿಸೀನವ್ವ. ನಿನಗೂ ತರಿಸ್ಲೇನು?"

ಆದರೆ ನಾನು ಪಂದ್ಯ ನೋಡುವಾಗ ಕೊಂಬಿನ ಬಣ್ಣ ನೋಡಿರಲಿಲ್ಲ, ನೊಗ ನೋಡಿದ್ದೆ. ಕಲ್ಲು ಕದಲುವಾಗಲೆಲ್ಲ ನೊಗದ ಬಲತುದಿ ಮೊದಲು ಮುಂದೆ ಬರುತ್ತಿತ್ತು. ಬಿಳಿಯದಕ್ಕೆ ಬಾರುಕೋಲು ಬಿದ್ದ ಮೇಲೆ ಹೆಜ್ಜೆ. ಅಷ್ಟರಲ್ಲಿ ಮಾಲೀಕ ತನ್ನ ತಮ್ಮನಿಗೆ ತೆಲುಗಿನಲ್ಲಿ, ಬೂದಿಯದನ್ನು ದೂರ ಕಟ್ಟು, ಅದು ಮಾರುವುದಲ್ಲ ಎಂದ.

ವ್ಯಾಪಾರಕ್ಕೆ ಕೂತೆವು. ಸುತ್ತಲಿನವರಿಗೆ ಬೆಲೆ ತಿಳಿಯದಂತೆ ಕೈಗಳ ಮೇಲೆ ಟವಲು ಹೊದಿಸಿ, ಬೆರಳು ಹಿಡಿದೇ ಬೆಲೆ ಹೇಳುವುದು ನಮ್ಮ ಕಡೆಯ ಪದ್ಧತಿ. ಅವನ ಬೆರಳು ಬಿಗಿಯಾಗಿತ್ತು. "ನನಗ ಬೂದಿದು ಬೇಕು" ಎಂದೆ. ಟವಲಿನೊಳಗೆ ಅವನ ಹಿಡಿತ ಸಡಿಲಾಯಿತು. ನಾನು ಕೈ ಬಿಡಲಿಲ್ಲ. ಬೆರಳು ಏರಿಸುತ್ತ ಹೋದೆ. ಶೇಂಗಾದ ದುಡ್ಡು ಪೂರ್ತಿ ಮುಗಿಯುವಲ್ಲಿಗೆ ಅವನು ಒಪ್ಪಿದ.

"ಕಟ್ಟಿ ನೋಡ್ತೀನಿ" ಎಂದೆ. ಎರವಲಿನ ಎತ್ತು ಬಿಚ್ಚಿ ಅದರ ಜಾಗಕ್ಕೆ ಬೂದಿಯದನ್ನು ಹೂಡಿದೆ. ಅವ್ವ, ಹೆಂಡತಿ ಗಾಡಿಯಲ್ಲೇ ಕೂತರು. ಸುತ್ತ ನಿಂತವರಿಗೆ ಕೂಗಬೇಡಿರೆಂದೆ, ಬಾರುಕೋಲು ಕೆಳಗಿಟ್ಟೆ. ಹೊಳೆಯ ಕಡೆಯ ಮರಳಲ್ಲಿ ಗಾಲಿ ಅರ್ಧ ಹೂತರೂ ಎತ್ತು ತಲೆ ತಗ್ಗಿಸಿ ಎಳೆಯಿತು. ನನ್ನ ಬಾಯಿ ತಾನಾಗಿ ಅರಳಿತು. ಮಾಲೀಕ ಅದನ್ನು ನೋಡಿದ.

"ಆ ಕಮಾನು ಬಿಟ್ಟು ಹೋದ್ರ ಎತ್ತು ನಿಂದು. ಇಲ್ಲಂದ್ರ ಬಿಚ್ಚು."

ಅವ್ವ ನನ್ನನ್ನೇ ಬೈದಳು: "ಎಲ್ಲಾರ ಮುಂದ ಹಂಗ ಹಲ್ಲು ಕಿಸಿದ್ರ, ಕಮಾನೇನು, ಗಾಲಿನೂ ಕೇಳ್ತಾನ."

"ಕೊಟ್ಟುಬಿಡ್ರಿ" ಎಂದಳು ಹೆಂಡತಿ. "ಬಿಸಲು ನಮಗ ಹೊಸದೇನು?"

ತಲೆಯ ಮೇಲೆ ಸೆರಗು ಹೊದ್ದು ಇಬ್ಬರೂ ಬಳ್ಳಾರಿ ಮುಟ್ಟಿದರು. ಆ ಮುಂಗಾರಿಗೆ ಹೊಲ ಪೂರ್ತಿ ಬಿತ್ತಿದೆವು, ಪಾಲಿಗೆ ಕೊಡಲಿಲ್ಲ. ಆದರೂ ಒಂದು ಅನುಮಾನ ಇಂದಿಗೂ ಬಿಟ್ಟಿಲ್ಲ. ಬಳ್ಳಾರಿಯವನಿಗೆ ತೆಲುಗು ಬರುತ್ತದೆಂದು ಆದೋನಿಯವನಿಗೆ ಗೊತ್ತಿರಲಿಲ್ಲವೇ? ಮಾರುವುದಲ್ಲ ಎಂದದ್ದು ತಮ್ಮನಿಗೋ ನನಗೋ?

ನೀವು ಎತ್ತು ಕೊಳ್ಳಿ, ಎಮ್ಮೆ ಕೊಳ್ಳಿ, ಮೋಟಾರೇ ಕೊಳ್ಳಿ: ಮಾರುವವನು ಮುಂದಕ್ಕೆ ತಂದು ನಿಲ್ಲಿಸಿದ್ದನ್ನಲ್ಲ, ಪಕ್ಕಕ್ಕೆ ಸರಿಸಿದ್ದನ್ನು ನೋಡಿರಿ. ನಿಮ್ಮ ಗಾಡಿಗೇ ಹೂಡಿ, ನಿಮ್ಮ ಮನೆಯವರನ್ನೇ ಕೂರಿಸಿ ಓಡಿಸಿರಿ. ಚೆನ್ನಾಗಿ ಎಳೆದರೆ ಕೆಳಗಿಳಿದು, ಗಾಲಿಯ ಕೀಲು ನೋಡುವವರಂತೆ ಬಗ್ಗಿ, ಮುಖ ಸರಿಮಾಡಿಕೊಂಡು ಆಮೇಲೆ ಏಳಿರಿ.