ಗೊಡ್ಡು ಹಸುವಿನ ಗಿಣ್ಣು

ಪಾಂಡವಪುರದ ಕಡೆಯ ಒಂದು ಪಶು ಆಸ್ಪತ್ರೆಗೆ ನಾನು ಡಾಕ್ಟರಾಗಿ ಹೊಸದಾಗಿ ಸೇರಿದ್ದೆ. ಒಂದು ಬೆಳಿಗ್ಗೆ ಅಜ್ಜಿಯೊಬ್ಬರು ತಮ್ಮ ಒಂದೇ ಒಂದು ಹಸುವನ್ನು ಹಿಡಿದುಕೊಂಡು ಬಂದರು. ಗಬ್ಬ ನಿಂತಿದೆಯೋ ಇಲ್ಲವೋ ನೋಡಬೇಕಿತ್ತು. ಭುಜದವರೆಗೆ ಗ್ಲೌಸು ಏರಿಸಿ ಕೈ ಹಾಕಿದೆ. ಮೂರು ತಿಂಗಳ ಗಬ್ಬ, ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು. "ನಿಂತದೆ ಅಜ್ಜಿ" ಎಂದೆ.

ಇಪ್ಪತ್ತು ವರ್ಷ ಸರ್ವಿಸ್ಸಾಗಿದ್ದ ನಮ್ಮ ಹಿರಿಯ ಡಾಕ್ಟರು ಬಾಗಿಲಲ್ಲೇ ನಕ್ಕರು. ತಾವೂ ಅರ್ಧ ನಿಮಿಷ ಕೈ ಹಾಕಿ ತೆಗೆದು, "ಏನೂ ಇಲ್ಲ. ಗೊಡ್ಡು ಬಿದ್ದದೆ, ಮಾರ್ಬುಡವ್ವ" ಎಂದು ಅಜ್ಜಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಬಳೆ ಹಾಕೋ ಕೈಗೆ ಇವೆಲ್ಲ ಗೊತ್ತಾಗಕಿಲ್ಲ ಕಣಮ್ಮ. ರಿಜಿಸ್ಟ್ರು ಬರ್ಕೊಂಡಿರು" ಅಂದರು. ಸಾಲಿನಲ್ಲಿದ್ದ ಗಂಡಸರೆಲ್ಲ ನಕ್ಕರು. ಅಜ್ಜಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ 'ಗಬ್ಬವಿಲ್ಲ' ಎಂದು ಬರೆದೆ.

ವಾರದೊಳಗೆ ತೊಣ್ಣೂರಿನವರೊಬ್ಬರು ಆ ಹಸುವನ್ನು ಕೊಂಡರು, ಇನ್ನೂ ಹಾಲು ಕೊಡುತ್ತಿದೆಯಲ್ಲ ಎಂದು. ನಾನು ಕ್ಯಾಲೆಂಡರಿನಲ್ಲಿ ಆರು ತಿಂಗಳು ಮುಂದಕ್ಕೆ ಎಣಿಸಿ ಗುರುತು ಹಾಕಿದೆ. ಅಷ್ಟೂ ದಿನ ನನ್ನನ್ನು ರಿಜಿಸ್ಟರಿಗೇ ಕೂರಿಸಿದರು. ನನ್ನ ಬೆರಳಿನ ಮೇಲೆ ನನಗೇ ಅನುಮಾನ ಬಂದಾಗಲೆಲ್ಲ ಏನೋ ನೆಪ ಮಾಡಿಕೊಂಡು ತೊಣ್ಣೂರಿಗೆ ಹೋಗಿ ಆ ಹಸುವಿನ ಹೊಟ್ಟೆ ನೋಡಿಕೊಂಡು ಬರುತ್ತಿದ್ದೆ. ಹೊಟ್ಟೆ ಇಳಿಬೀಳುತ್ತಿತ್ತು. ಹಲ್ಲು ಕಚ್ಚಿಕೊಂಡು ಕಾದೆ. ನಮ್ಮ ಹಿರಿಯರನ್ನು ಕ್ಷಮಿಸುವ ಮನಸ್ಸು ಆಗ ಇರಲಿಲ್ಲ, ಈಗಲೂ ಇಲ್ಲ.

ಗುರುತಿಗೆ ನಾಲ್ಕು ದಿನ ಮೊದಲೇ ಅದು ಹೆಣ್ಣುಗರು ಹಾಕಿತು. ಆ ಮನೆಯವರು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣನ್ನು, ನಾನು ಕೇಳಿದಂತೆ, ಎರಡು ಡಬ್ಬಿಗೆ ತುಂಬಿಕೊಟ್ಟರು. ಒಂದನ್ನು ಆಸ್ಪತ್ರೆಗೆ ಒಯ್ದು, ಸಾಲು ತುಂಬಿರುವ ಹೊತ್ತು ನೋಡಿ, ಹಿರಿಯರ ಮುಂದಿಟ್ಟೆ. ಎರಡು ತುಂಡು ಒಳಗೆ ಹೋದ ಮೇಲೆ, "ಬೋ ರುಚಿಯಾಗದೆ. ಯಾರ ಮನೇದಮ್ಮ?" ಅಂದರು.

"ನೀವು ಗೊಡ್ಡು ಅಂದ್ರಲ್ಲ ಸಾರ್, ಆ ಅಜ್ಜಿ ಹಸೂದು. ಇನ್ನೊಂದು ತುಂಡು ತಗೊಳ್ಳಿ."

ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ. ಮೊದಲು ನಿಂತಿದ್ದವನು ತನ್ನ ಹಸುವಿನ ಹಗ್ಗವನ್ನು ನನ್ನ ಕಡೆ ಚಾಚಿ, "ಮೇಡಮ್ಮೋರೇ ನೋಡ್ಲಿ ಬುಡಿ" ಅಂದ. ಹೊಟ್ಟೆ ತಣ್ಣಗಾಯಿತು. ಅಂದಿನಿಂದ ನನ್ನ ಕೈ ಹೇಳಿದ್ದನ್ನು ಯಾರ ಮುಖ ನೋಡಿಯೂ ತಿದ್ದಿ ಬರೆದಿಲ್ಲ.

ಎರಡನೇ ಡಬ್ಬಿ ಅಜ್ಜಿಗೆಂದು ತಂದದ್ದು. ಸಂಜೆ ಅವರ ಮನೆ ಬಾಗಿಲವರೆಗೂ ಹೋದೆ. ಹಸು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಸೌದೆ ಒಟ್ಟಿದ್ದರು. ಡಬ್ಬಿಯನ್ನು ಸ್ಕೂಟರಿನಿಂದ ತೆಗೆಯಲು ನನಗೆ ಧೈರ್ಯ ಬರಲಿಲ್ಲ.