ನಾಳೆಯ ನೀರಿಗೆ ಇಂದೇ ಸಹಿ

ಬೀದಿಯವರು ಅವಳಿಗೆ ಇಟ್ಟ ಹೆಸರು ಮೀಟರಮ್ಮ. ಸೇತುವೆಯ ಬುಡದಲ್ಲಿ ನದಿಯ ಮಟ್ಟ ಅಳೆಯುವ ಕಚೇರಿ ಅವಳದು. ಕಚೇರಿ ಅಂದರೆ ಒಂದೇ ಕೋಣೆ. ಒಂದು ಮೇಜು, ಒಂದು ಫೋನು, ಕಾಲು ಅಲ್ಲಾಡುವ ಕುರ್ಚಿ, ಬಾಗಿಲಾಚೆ ನೀರಿಗಿಳಿಯಲು ನಲವತ್ತೊಂದು ಮೆಟ್ಟಿಲು. ಇಪ್ಪತ್ತಾರು ವರ್ಷದಿಂದ ಬೆಳಿಗ್ಗೆ ಆರಕ್ಕೆ ಆ ಮೆಟ್ಟಿಲಿಳಿದು, ನೀರಿನಲ್ಲಿ ನಿಂತ ಅಳತೆಕಂಬದ ಗೆರೆ ಓದಿ, ಪುಸ್ತಕದಲ್ಲಿ ಬರೆದು, ಗಡಿಯಾಚೆಗೆ ಫೋನು ಮಾಡುತ್ತಿದ್ದಳು.

ಆಚೆ ಬದಿಯ ಕಚೇರಿಯಲ್ಲಿ ಅವಳಂಥವನೇ ಒಬ್ಬ. ಅವನು ಇವಳನ್ನು ಅಕ್ಕಾ ಅನ್ನುತ್ತಿದ್ದ, ಇವಳು ಅವನನ್ನು ಅಣ್ಣಾ ಅನ್ನುತ್ತಿದ್ದಳು. ಮುಖ ನೋಡಿದವರಲ್ಲ, ಯಾರು ದೊಡ್ಡವರು ಎಂಬುದು ಇಪ್ಪತ್ತಾರು ವರ್ಷದಲ್ಲಿ ಇತ್ಯರ್ಥವಾಗಲೇ ಇಲ್ಲ. ಇವಳು ಅಂಕಿ ಹೇಳಬೇಕು, ಅವನು ಅದನ್ನೇ ತಿರುಗಿ ಹೇಳಬೇಕು, ಇವಳು "ಸರಿ" ಅನ್ನಬೇಕು. ಆ "ಸರಿ" ಬೀಳುವವರೆಗೆ ಲೆಕ್ಕಕ್ಕಿಲ್ಲ. ಹಿಂದೊಮ್ಮೆ ಪ್ರವಾಹದಲ್ಲಿ ಸಾವಿರಾರು ಜನ ಸತ್ತ ಮೇಲೆ ನದಿಯ ದಂಡೆಯ ಮೂರು ದೇಶಗಳು ಕೂತು ಮಾಡಿಕೊಂಡ ಒಪ್ಪಂದ ಅದು. ಮಟ್ಟ ಐದು ಮೀಟರ್ ದಾಟಿತೆಂದರೆ ಕೆಳಗಿನ ದೇಶದ ತಗ್ಗಿನ ಊರುಗಳ ಜನ ದಿಬ್ಬ ಹತ್ತಬೇಕು. ನೀರು ಅಲ್ಲಿಗೆ ತಲುಪಲು ಒಂಬತ್ತು ಗಂಟೆ. ಆ ಒಂಬತ್ತು ಗಂಟೆ ಅವರಿಗೆ ಸಿಗುತ್ತಿದ್ದುದು ಮೀಟರಮ್ಮನ ಬಾಯಿಂದ.

ದೇಶವಾಳುವ ದೊಡ್ಡವರು ಮೊದಲು ಗೆದ್ದದ್ದು ಮತದಿಂದಲೇ. ಆಮೇಲೆ ದೇಶಕ್ಕೆ ಅಪಾಯವಿದೆ ಅಂತ ಮುಂದಿನ ಚುನಾವಣೆ ಮುಂದಕ್ಕೆ ಹೋಯಿತು. ಯಾವ ಅಪಾಯ ಅಂತ ಕೇಳಿದ ಪತ್ರಿಕೆಗೆ ಬೀಗ ಬಿತ್ತು. ಬೀಗ ಯಾಕೆ ಅಂದ ನ್ಯಾಯಾಧೀಶರು ಮನೆಗೆ ಹೋದರು. ಮೀಟರಮ್ಮ ಆಗೆಲ್ಲ ತುಟಿ ಎರಡು ಮಾಡಲಿಲ್ಲ. "ಅವರ ರಗಳೆ ಅವರಿಗೆ, ನನ್ನ ಕಂಬ ನನಗೆ" ಅಂದುಕೊಂಡಳು. ಅಲ್ಲೇ ಎಡವಿದ್ದು, ಅವಳೊಬ್ಬಳಲ್ಲ, ಇಡೀ ಬೀದಿ.

ದೊಡ್ಡವರು ನದಿಯ ಮೇಲ್ಗಡೆ ಅಣೆಕಟ್ಟು ಕಟ್ಟಿಸಿ, "ಇನ್ನು ಪ್ರವಾಹ ಎಂಬ ಮಾತೇ ಇಲ್ಲ" ಎಂದು ಭಾಷಣ ಮಾಡಿದರು. ಮಾರನೆಯ ವಾರ ಇಸ್ತ್ರಿ ಮಾಡಿದ ಅಂಗಿಯ ಅಧಿಕಾರಿಯೊಬ್ಬ ಬಂದು ಮೇಜಿನ ಮೇಲೆ ಒಂದು ಹಾಳೆ ಇಟ್ಟ. ಇಡೀ ತಿಂಗಳ ನೀರಿನ ಮಟ್ಟ ಅದರಲ್ಲಿ ಅಚ್ಚಾಗಿತ್ತು, ಇನ್ನೂ ಬಾರದ ದಿನಗಳದ್ದೂ. ಕೆಳಗೆ ಸಹಿ, ಮೊಹರು. ಯಾವ ದಿನವೂ ಐದು ದಾಟಿರಲಿಲ್ಲ.

"ಇನ್ನು ಇದನ್ನೇ ಓದಿ."

"ಸಾರ್, ನಾಳೆಯ ನೀರಿಗೆ ಇವತ್ತೇ ಸಹಿ ಆಗಿದೆಯಲ್ಲ! ನೀರಿಗೆ ಒಂದು ಪ್ರತಿ ಕಳಿಸಿದ್ದೀರಾ?"

ಅವನು ನಗಲಿಲ್ಲ. "ಪಕ್ಕದ ದೇಶದವರಿಗೆ ನಮ್ಮ ಮನೆ ವಿಷಯ ಹೇಳಬೇಕಾಗಿಲ್ಲ. ನಿಮಗೆ ಮಗಳಿದ್ದಾಳಂತೆ, ಮೊಮ್ಮಗಳೂ ಇದ್ದಾಳಂತೆ."

ಮಗಳ ಮಡಿಲಲ್ಲಿ ನಾಲ್ಕು ತಿಂಗಳ ಕೂಸು. ಮನೆಯಲ್ಲಿ ವಿಷಯ ಕೇಳಿದ್ದೇ ಅವಳು ಕೂಸನ್ನು ಅಮ್ಮನ ಮುಂದೆ ಹಿಡಿದಳು. "ಅಮ್ಮಾ, ನಿನಗೆ ಕೈ ಮುಗೀತೀನಿ. ಕೊಟ್ಟದ್ದು ಓದು, ಬಾ. ಊರ ಉಸಾಬರಿ ನಿನಗ್ಯಾಕೆ? ಈ ಮಗು ಮುಖ ನೋಡು."

ಮೀಟರಮ್ಮ ಮಗುವಿನ ಮುಖ ನೋಡಿದಳು. ಮರುದಿನ ಕಂಬ ಐದು ಮೀಟರ್ ಅರವತ್ತು ತೋರಿಸುತ್ತಿತ್ತು. ಹಾಳೆಯಲ್ಲಿ ನಾಲ್ಕು ಇಪ್ಪತ್ತು. ಫೋನಿನಲ್ಲಿ ನಾಲ್ಕು ಇಪ್ಪತ್ತು ಅಂದಳು. ಅವನು ತಿರುಗಿ ಹೇಳಿದ. ಇವಳು "ಸರಿ" ಅಂದಳು. ಮಧ್ಯಾಹ್ನ ಅಧಿಕಾರಿ ಫೋನು ಮಾಡಿ, "ಶಹಬ್ಬಾಸ್, ಹೀಗೇ ಇರಬೇಕು" ಅಂದ.

ಎರಡನೆಯ ದಿನ ಬೆಳಿಗ್ಗೆ ಅಂಕಿಗೂ ಮುಂಚೆ ಆಚೆಯಿಂದಲೇ ಮಾತು ಬಂತು.

"ಅಕ್ಕಾ, ನಿಮ್ಮ ಕಂಬ ಏನಾದ್ರೂ ವಾಲಿದೆಯಾ? ನಿನ್ನೆ ಶಾಲೆಗೆ ನೀರು ನುಗ್ಗಿಬಿಡ್ತು. ಮಕ್ಕಳನ್ನ ಸೂರಿನ ಮೇಲೆ ಹತ್ತಿಸಿ ಉಳಿಸಿಕೊಂಡ್ವಿ. ಅಡುಗೆಯವಳು ಸಿಕ್ಕಿಲ್ಲ, ಇನ್ನೂ ಹುಡುಕ್ತಿದ್ದಾರೆ. ಒಂದ್ಸಲ ಕಂಬ ನೋಡಿಸಿ ಅಕ್ಕಾ, ವಯಸ್ಸಾಗಿರುತ್ತೆ ಅದಕ್ಕೂ."

ಅವನು ಕಂಬವನ್ನು ಅನುಮಾನಿಸಿದ, ಅವಳನ್ನಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ದಿನದ ನೀರು ಇಳಿದಿತ್ತು, ಹಾಳೆಗೆ ಹೆಚ್ಚುಕಮ್ಮಿ ಹೊಂದುತ್ತಿತ್ತು. ಅಂಕಿ ಹೇಳಿ ಫೋನಿಟ್ಟಳು. ಮನೆಗೆ ಹೋಗಿ ಮಗಳ ಮುಂದೆ ಕೂತಳು.

"ಒಬ್ಬಳು ಹೋದಳು ಕಣೇ. ಅಡುಗೆಯವಳು. ನಾನೇ ಕಳಿಸಿದೆ."

"ನೀನಲ್ಲ ಅಮ್ಮಾ, ಅವರು."

"ಬಾಯಿ ಯಾರದು?"

ಮಗಳು ಮಗುವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು.

ಮೂರನೆಯ ಬೆಳಿಗ್ಗೆ ಮೀಟರಮ್ಮ ಮೆಟ್ಟಿಲಿಳಿಯುವಾಗ ಕೆಳಗಿನ ಒಂಬತ್ತು ಮೆಟ್ಟಿಲು ಕಾಣಿಸಲಿಲ್ಲ. ಅಣೆಕಟ್ಟಿನಿಂದ ಹೇಳದೆ ಕೇಳದೆ ನೀರು ಬಿಟ್ಟಿದ್ದರು. ಕಂಬದಲ್ಲಿ ಆರು ಮೀಟರ್ ಮೂವತ್ತು. ಮೇಲೆ ಬಂದರೆ ಕೋಣೆಯಲ್ಲಿ ಅಧಿಕಾರಿ ಅವಳ ಕುರ್ಚಿಯಲ್ಲೇ ಕೂತಿದ್ದ, ಹಾಳೆ ಕೈಯಲ್ಲಿ ಹಿಡಿದು.

"ನಾಲ್ಕು ಮೂವತ್ತೈದು. ಓದಿ."

ಅವಳು ನಿಂತೇ ಫೋನು ತಿರುಗಿಸಿದಳು. "ಅಣ್ಣಾ, ಆರು ಮೀಟರ್ ಮೂವತ್ತು. ಕಂಬ ನೆಟ್ಟಗಿದೆ. ಮೊನ್ನೆ ಸುಳ್ಳು ಹೇಳಿದ್ದು ನಾನು."

ಅಧಿಕಾರಿ ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಆಚೆ ಕಡೆ ಉಸಿರೇ ಇಲ್ಲ. ಮೀಟರಮ್ಮ ಫೋನನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡಳು. "ತಿರುಗಿ ಹೇಳೋ ಮಾರಾಯಾ!"

"ಆರು ಮೂವತ್ತು" ಎಂದಿತು ದನಿ.

"ಸರಿ" ಅಂದಳು. ಆಗ ಅಧಿಕಾರಿ ತಂತಿ ಕಿತ್ತ.

ಆ ದಿನ ಮೂರು ಗಂಟೆಗೆ ತಗ್ಗಿನ ಊರುಗಳಲ್ಲಿ ಆಳುದ್ದ ನೀರು ನಿಂತಿತ್ತು. ಜನ ದಿಬ್ಬದ ಮೇಲಿದ್ದರು.

ನಾಲ್ಕು ದಿನ ಬಿಟ್ಟು ದೊಡ್ಡ ಕಚೇರಿಯಿಂದ ಕರೆ ಬಂತು. ಮಗಳೂ ಕೂಸನ್ನೆತ್ತಿಕೊಂಡು ಜೊತೆಗೆ ಹೋದಳು, ದಾರಿಯುದ್ದಕ್ಕೂ ಅಮ್ಮನನ್ನು ಬೈಯುತ್ತ. ಅಲ್ಲೂ ಅದೇ ಅಧಿಕಾರಿ. ಕೆಲಸದಿಂದ ತೆಗೆದ ಕಾಗದವನ್ನು ಮುಂದೆ ಸರಿಸಿ ಸಹಿ ಮಾಡಿ ಎಂದ. ಕಾರಣ ಎಂಬಲ್ಲಿ "ಅಳತೆಯಲ್ಲಿ ತಪ್ಪು" ಎಂದಿತ್ತು.

ಮೀಟರಮ್ಮನ ಮೈಯೆಲ್ಲ ಉರಿದುಹೋಯಿತು. "ತಪ್ಪು ಹೇಳಿದ ದಿನ ಶಹಬ್ಬಾಸ್ ಅಂದ್ರಿ. ಇದ್ದದ್ದು ಹೇಳಿದ ದಿನ ತಪ್ಪು ಅಂತ ಬರೀತೀರಾ? ಇಪ್ಪತ್ತಾರು ವರ್ಷದ ಪುಸ್ತಕ ತೆಗೀರಿ, ಒಂದೇ ಒಂದು ತಪ್ಪು ಅಳತೆ ತೋರಿಸಿ. ನಿಮ್ಮ ಹಾಳೆ ಓದಿದ್ದು ಬಿಟ್ಟು!"

"ಸಹಿ ಮಾಡಿದ್ರೆ ಮನೆಗೆ ಹೋಗ್ತೀರಿ. ಇಲ್ಲಾಂದ್ರೆ ಇಲ್ಲೇ ಇರ್ತೀರಿ, ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ" ಎಂದ ಅಧಿಕಾರಿ. ಮಗಳ ಕಡೆಗೆ ತಿರುಗಿ, "ನೀವಾದ್ರೂ ಹೇಳಮ್ಮ" ಎಂದ.

ಮಗಳು ಕಾಗದ ಎತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಮೇಲೆ ಅದನ್ನು ಮೇಜಿನ ಮೇಲೆ ಮಗುಚಿಟ್ಟಳು.

"ಅಮ್ಮಾ, ಇದಕ್ಕೆ ಸಹಿ ಹಾಕಬೇಡ" ಅಂದಳು. "ಸಂಜೆ ನಿನ್ನ ಬಟ್ಟೆ, ಮಾತ್ರೆ ತರ್ತೀನಿ. ಕನ್ನಡಕ ಇದೆ ತಾನೇ ಹತ್ತಿರ?"